ಇತರೆ ಖರ್ಚು

ಮಾರ್ಚ್ ಕೊನೆಯ ವಾರ. ಸಿದ್ದಾಪುರದ ಸುತ್ತ ಕಾಫಿ ಹೂ ಬಿಟ್ಟಿದೆ.
ಕಿಟಕಿ ತೆರೆದರೆ ಘಮಕ್ಕೆ ತಲೆ ಹಿಡಿಯುತ್ತದೆ,
ಮುಚ್ಚಿದರೆ ಡೆಟಾಲ್.
ನಾನು ವರ್ಷದ ಲೆಕ್ಕ ಮುಗಿಸಬೇಕು.

ನಮ್ಮದು ಸಣ್ಣ ಸಂಸ್ಥೆ. ವಾಸಿಯಾಗದವರ ಮನೆಗೆ ಹೋಗುವುದು,
ಹುಣ್ಣು ತೊಳೆಯುವುದು, ನೋವಿಗೆ ಗುಳಿಗೆ ಕೊಡುವುದು,
ಮಲಗಿದವರನ್ನು ಮಗ್ಗುಲಾಗಿಸುವುದು ಹೇಗೆಂದು
ಹೆಂಡತಿಗೋ ಮೊಮ್ಮಗಳಿಗೋ ತೋರಿಸಿಕೊಡುವುದು.
ಇಷ್ಟೇ.
ಕರಪತ್ರದಲ್ಲಿ ಇದು ನಾಲ್ಕು ಪುಟ, ನುಣುಪು ಕಾಗದ.

ಮೇಜಿನ ಮೇಲೊಂದು ಚೀಟಿ: ಗಾಜ್ ಬಟ್ಟೆ, ನೂರ ನಲವತ್ತು ರೂಪಾಯಿ.
ತಂದವಳು ಓಮನಾ. ರಸೀತಿ ಇಲ್ಲ.
ಕೇಳಿದರೆ, ‘ಬಿಡಿ ಅಕ್ಕ, ಎಂತದು ಅದು’ ಅಂದಳು.
ಎರಡು ತಿಂಗಳಿಂದ ಸಂಬಳ ಕಾಣದ ಕೈ ಅದು.
ಪುತ್ತರಿಯವರೆಗೆ ಕಿವಿಯಲ್ಲಿ ಓಲೆ ಇತ್ತು,
ಈಗ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ.

ಜೀಪಿನ ಬಾಗಿಲ ಮೇಲೆ ಮೊದಲು ದೀಪ ಇತ್ತು,
ಆಮೇಲೆ ಎರಡು ಅಂಗೈ,
ಈ ವರ್ಷ ಕಾಫಿ ಎಲೆ. ದೂರದಿಂದ ತುಟಿಯ ಹಾಗೆ ಕಾಣುತ್ತದೆ.
ಒಂದರ ಮೇಲೊಂದು ಅಂಟಿಸಿ ಅಂಟಿಸಿ
ಬಾಗಿಲೇ ದಪ್ಪವಾಗಿದೆ ಎನ್ನುತ್ತಾನೆ ಮೊಯ್ದು.
ಟೈರು ಮಾತ್ರ ಹಳೆಯದೇ.

ಅತಿಥಿಗಳನ್ನು ಕರೆತರಲು ಜೀಪು ಮೈಸೂರಿಗೆ ಹೋದ ದಿನ
ಕರಡಿಗೋಡಿನ ಲೈನ್‌ಮನೆಯಲ್ಲಿ ಬೊಳಕ ಕೂಗುತ್ತಿದ್ದ.
ಓಮನಾ ನಡೆದೇ ಹೋದಳು,
ಊಟದ ಡಬ್ಬಿಯಲ್ಲಿ ಮಾರ್ಫಿನ್.
ತೋಟದ ಗೇಟಿನಲ್ಲಿ ಆನೆ, ಎರಡು ದೊಡ್ಡದು, ಒಂದು ಮರಿ.
ಸಿಲ್ವರ್ ಮರಕ್ಕೆ ಒರಗಿ ನಿಂತು
ಅವು ದಾಟುವವರೆಗೆ ಗುಳಿಗೆ ಎಣಿಸಿದಳಂತೆ,
ಎಣಿಸಿದ್ದನ್ನೇ ಎಣಿಸಿದಳಂತೆ.

ಮೂವತ್ತೆಂಟು ಪ್ರಶ್ನೆಗಳ ಹೊಸ ನಮೂನೆ ಬಂದಿದೆ.
ಇಪ್ಪತ್ತೊಂಬತ್ತನೆಯದು: ರೋಗಿಯ ತೃಪ್ತಿ, ಹತ್ತಕ್ಕೆ ಎಷ್ಟು?
ನೋವು ಇಳಿದ ಮೇಲೆ ಬೊಳಕನನ್ನು ಕೇಳಿದಳು.
ಆತ ಯೋಚಿಸಿ, ‘ಹತ್ತು ಅಂದ್ರೆ
ನಿಂಗೆ ಸಂಬಳ ಕೊಡ್ತಾರಾ?’ ಎಂದ.
ಆ ಉತ್ತರಕ್ಕೆ ನಮೂನೆಯಲ್ಲಿ ಜಾಗ ಇರಲಿಲ್ಲ.

ಅಧ್ಯಕ್ಷರು ಬೆಳ್ಳಿಯಪ್ಪನವರು ಕೆಟ್ಟವರಲ್ಲ.
ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.
ಹೆಂಡತಿ ಹೋದ ರಾತ್ರಿ ಊರಿಡೀ ಫೋನ್ ಮಾಡಿದರಂತೆ,
ನೋವಿಗೆ ಏನಾದರೂ, ಯಾರಾದರೂ.
ಮರುವರ್ಷ ಎರಡು ಎಕರೆ ಮಾರಿ ಜೀಪು ಕೊಂಡರು.
ಮೊದಲ ದಿನ, ತೋಳು ಮಡಚಿ,
ಯಾರದೋ ವಾಂತಿಯ ಬೋಗುಣಿ ತಾವೇ ತೊಳೆದರು. ನಾನು ಕಂಡಿದ್ದೇನೆ.
ಆಮೇಲೆ ಯಾರೋ ಅವರಿಗೆ ಶಾಲು ಹೊದಿಸಿದರು.
ಆಮೇಲೆ ಇನ್ನೊಂದು.
ಶಾಲು ಹೊದ್ದವರ ತೋಳು ಮತ್ತೆ ನೀರಿಗಿಳಿಯಲಿಲ್ಲ.

ಈಗ ಸಭೆಯಿಂದ ಸಭೆಗೆ. ಪ್ರತಿ ಸಭೆಯಿಂದ ಒಂದು ಹೊಸ ಯೋಚನೆ,
ಪ್ರತಿ ಯೋಚನೆಗೆ ಒಂದು ಬ್ಯಾನರ್.
‘ಸಂಬಳ?’ ಎಂದರೆ, ‘ನೀವೆಲ್ಲ ಒಂದು ಕುಟುಂಬ’ ಎನ್ನುತ್ತಾರೆ,
ಕಣ್ಣು ನಿಜವಾಗಿಯೂ ತೇವವಾಗುತ್ತದೆ.

ನಾನು ರಾಜೀನಾಮೆ ಬರೆದೆ. ಟೈಪ್ ಮಾಡಿ, ಸಹಿ ಮಾಡಿ.
‘ಬೋರ್ಡಿನ ಮುಂದೆ ಇಡೋಣ’ ಎಂದರು.
ಬೋರ್ಡಿಗೆ ಕೋರಂ ಇಲ್ಲ,
ಕೈಲ್‌ಪೊಳ್ದ್ ಕಳೆದಾಗಿನಿಂದ ಇಲ್ಲ.

ಹಾಗಾಗಿ ನೂರ ನಲವತ್ತು ರೂಪಾಯಿ.
‘ಇತರೆ ಖರ್ಚು’ ಎಂದು ಬರೆಯಬಹುದು,
ಆಡಿಟರ್ ಒಪ್ಪುತ್ತಾರೆ, ಎಲ್ಲವೂ ಅಲ್ಲೇ ಹೋಗುತ್ತದೆ,
ಹಾರ, ಬಿಸ್ಕತ್ತು, ಅತಿಥಿಗಳ ಚಹಾ.
ಬರೆಯಲಿಲ್ಲ.

ದಾನಿಗಳ ಪಟ್ಟಿ ತೆಗೆದೆ.
ಎಸ್ಟೇಟುಗಳು, ಬ್ಯಾಂಕು, ದುಬೈಯ ಒಬ್ಬರು.
ಅವರ ಕೆಳಗೆ, ಅದೇ ಶಾಯಿಯಲ್ಲಿ:
ಓಮನಾ ಕೆ., ನರ್ಸ್, ನೂರ ನಲವತ್ತು.
ಮೊಯ್ದು, ಚಾಲಕ, ಪಂಕ್ಚರ್ ಆರು ಸಲ, ಡೀಸೆಲ್ ಎರಡು ಸಲ.
ಹಳೆಯ ಚೀಟಿಗಳನ್ನು ಹುಡುಕುತ್ತಾ ಹುಡುಕುತ್ತಾ
ಸಂಜೆಯಾಯಿತು. ಮೂರನೇ ಪುಟಕ್ಕೆ ಬಂದಿದ್ದೇನೆ.
ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ,
ಯಾರೂ ಓದುವುದಿಲ್ಲ, ಅದು ನನಗೆ ಗೊತ್ತು.

ಅಂಗಳದಲ್ಲಿ ಜೀಪು ಕೆಮ್ಮುತ್ತಿದೆ. ಹತ್ತುತ್ತಿಲ್ಲ.
‘ಅಕ್ಕಾ, ಒಂಚೂರು ತಳ್ಳಿ!’
ಪೆನ್ನಿಗೆ ಮುಚ್ಚಳ ಹಾಕಿ ಏಳುತ್ತೇನೆ.
ರಾಜೀನಾಮೆ ಫೈಲಿನಲ್ಲೇ ಇದೆ,
ತಾರೀಖು ತಿದ್ದಬೇಕು.
ಇದು ಅದರ ಮೂರನೇ ಮಾರ್ಚ್.